ಪಂಪ್‌ಶೆಡ್ಡಿಗೆ ಎರಡು ಕೀಲಿ

ಪುತ್ತೂರು
18 ಜನವರಿ 2025

ಗೋದಕ್ಕನಿಗೆ,

ರಿಜಿಸ್ಟರ್ಡ್ ಪೋಸ್ಟಿನಲ್ಲಿ ನಮಸ್ಕಾರಗಳು. ಸಹಿ ಹಾಕಿ ತೆಗೆದುಕೊಳ್ಳಬೇಕಾದ ನಮಸ್ಕಾರ ನಿನಗೆ ಇದೇ ಮೊದಲಿರಬೇಕು. ನಾವೆಲ್ಲ ಕ್ಷೇಮ. ನೀವೂ ಕ್ಷೇಮವೆಂದು ನಿಮ್ಮ ವಕೀಲರಿಂದ ತಿಳಿದು ಸಂತೋಷವಾಯಿತು.

ಫೋನು ಮಾಡಿದರೆ ಮುಗಿಯುವ ವಿಷಯ ಇದು. ಆದರೆ ಪಾಲುಪಟ್ಟಿಗೆ ಸಹಿ ಬಿದ್ದ ದಿನ ನಿನ್ನ ವಕೀಲರು, ನನ್ನ ವಕೀಲರು ಇಬ್ಬರೂ ಹೇಳಿದ್ದು ಒಂದೇ ಮಾತು: ‘ಇನ್ನು ಎಂತ ಇದ್ದರೂ ಬರಹದಲ್ಲಿರಲಿ, ಪೋಸ್ಟಿನಲ್ಲಿ ಹೋಗಲಿ.’ ಅಪ್ಪ ಹೋದ ಮೇಲೆ ಇಷ್ಟು ಸಮಯದಲ್ಲಿ ಅವರಿಬ್ಬರೂ ಒಪ್ಪಿದ್ದು ಇದೊಂದನ್ನೇ. ಆದ್ದರಿಂದ ನಾವೂ ಗೌರವಿಸುವ. ವಕೀಲಿಯ ಒಳಗೇ ಕೀಲಿ ಅಡಗಿರುವುದನ್ನು ನೀನು ಗಮನಿಸಿರಬಹುದು.

ಪಾಲಾಯಿತು, ಪಾಳಿಯೂ ಆಯಿತು. ಇನ್ನು ಪಾಳು ಬೀಳದ ಹಾಗೆ ನೋಡಿಕೊಂಡರೆ ಸಾಕು. ಆಲಂಕಾರಿನ ಕೆಳಗಿನ ತೋಟ ನನಗೆ, ಮೇಲಿನ ಗದ್ದೆ ನಿನಗೆ, ಕೆರೆ ಮತ್ತು ಪಂಪು ಇಬ್ಬರಿಗೆ. ಒಂದು ದಿನ ನನ್ನ ನೀರು, ಮರುದಿನ ನಿನ್ನ ನೀರು. ಬೆಳಿಗ್ಗೆ ವಾಲ್ವು ತಿರುಗಿಸಲು ತ್ಯಾಂಪಣ್ಣ ಇದ್ದಾರೆ. ಪಂಪು ಬಿಡುವುದು ಮಾತ್ರ ಅವರ ಕೈಯಲ್ಲಿಲ್ಲ. ತ್ರೀಫೇಸ್ ಕರೆಂಟು ಯಾವಾಗ ಬರುತ್ತದೋ ಆಗ ಪುತ್ತೂರಿನಲ್ಲಿ ಕೂತೇ ಬಿಡುವ ಹಾಗಿರಲಿ ಎಂದು, ಅಪ್ಪ ಇರುವಾಗಲೇ ನಾನು ಶೆಡ್ಡಿನಲ್ಲಿ ಒಂದು ಹಳೆ ಕಂಪ್ಯೂಟರು ಇಟ್ಟು, ಸ್ಟಾರ್ಟರಿನ ಪಚ್ಚೆ ಬಟನ್ ಕಿತ್ತು ಅದಕ್ಕೆ ವಯರು ಕೊಟ್ಟದ್ದು ನಿನಗೆ ಗೊತ್ತುಂಟು. ಇನ್ನು ನಿನ್ನ ಪಾಳಿಯ ದಿನ ಅಜ್ಜಾವರದಲ್ಲಿ ಕೂತು ನೀನೇ ಬಿಡಬೇಕು. ನಾನು ಬಿಡುವ ಹಾಗಿಲ್ಲ. ‘ಒಬ್ಬರ ಏರ್ಪಾಡನ್ನು ಇನ್ನೊಬ್ಬರು ಮುಟ್ಟಕೂಡದು’ ಎಂದು ಕರಾರಿನಲ್ಲಿ ಬರೆಸಿದ್ದು ನಿನ್ನ ವಕೀಲರೇ.

ಮಾಡಬೇಕಾದ್ದು ಇಷ್ಟು. ಮಗಳ ಲ್ಯಾಪ್‌ಟಾಪಿನಲ್ಲಿ ಪ್ಯಾರಾಮಿಕೊ ಎಂಬ ಲೈಬ್ರರಿ ಹಾಕಿಕೊಳ್ಳಬೇಕು. ಪುಸ್ತಕದ ಲೈಬ್ರರಿ ಅಲ್ಲ, ಯಾರೋ ಪುಣ್ಯಾತ್ಮರು ಬರೆದಿಟ್ಟ ಪ್ರೋಗ್ರಾಮಿನ ಕಟ್ಟು. ಅದಿದ್ದರೆ ನಿನ್ನ ಮೆಷಿನು ದೂರದಿಂದಲೇ ಶೆಡ್ಡಿನ ಮೆಷಿನಿನ ಹತ್ತಿರ ಗುಟ್ಟಾಗಿ ಮಾತಾಡುತ್ತದೆ. ನಡುವೆ ಕಿವಿ ಕೊಟ್ಟವರಿಗೆ ಒಂದಕ್ಷರ ತಿಳಿಯುವುದಿಲ್ಲ. ಅಪ್ಪ ಅಮ್ಮ ನೆಂಟರೆದುರು ಇದೇ ಕೆಲಸವನ್ನು ಹುಬ್ಬಿನಲ್ಲಿ ಮುಗಿಸುತ್ತಿದ್ದರು. ಹೊಡೆಯಬೇಕಾದ ಸಾಲನ್ನು ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಒಂದೇ ಸಾಲು. ಈ ಪಾಲಿನ ವ್ಯವಹಾರದಲ್ಲಿ ಒಂದೇ ಸಾಲಿಗೆ ಮುಗಿಯುವುದು ಇದೊಂದೇ.

ದೂರಸಂಪರ್ಕ ಸಿಗುವ ತನಕ ದೂರುಸಂಪರ್ಕ ಹೀಗೇ ಇರಲಿ.

ಇತಿ,
ಪಾರ್ಟಿ ನಂಬರ್ ಒಂದು,
ಗಿರಿಧರ


ಅಜ್ಜಾವರ
27 ಜನವರಿ 2025

ಗಿರಿಗೆ,

ನಿನ್ನ ನಮಸ್ಕಾರಕ್ಕೆ ಸಹಿ ಹಾಕಿದೆ. ಪೋಸ್ಟಿನ ಚನಿಯಪ್ಪ, “ಎಂತ ಅಕ್ಕ, ಕೋರ್ಟಿಂದ ಬಂದದ್ದಾ?” ಎಂದು ಕೇಳಿದರು. “ಇಲ್ಲ ಮಾರಾಯ್ರೆ, ತಮ್ಮನಿಂದ” ಅಂದೆ. “ಈಗ ಎರಡೂ ಒಂದೇ ಅಲ್ವಾ” ಎಂದು ಸೈಕಲ್ ಹತ್ತಿದರು.

ನಿನ್ನ ಒಂದೇ ಸಾಲು ಹೊಡೆದೆವು. ಒಂದು ಪುಟ ಕೆಂಪಕ್ಷರ ಬಂತು. ತನ್ಮಯೀ ಓದಿ ಹೇಳಿದಳು: “ಅಮ್ಮ, ಇದು ಹೀಗೆ ಬರುದಿಲ್ಲ. ಇದಕ್ಕೆ ಕ್ರಿಪ್ಟೋಗ್ರಫಿ ಅಂತ ಇನ್ನೊಂದು ಬೇಕಂತೆ. ಅದಕ್ಕೆ ಬೇರೆಂತದೋ ಬೇಕಂತೆ. ಅದನ್ನು ಕಟ್ಟಲಿಕ್ಕೆ ರಸ್ಟ್ ಬೇಕಂತೆ.” ರಸ್ಟ್ ಅಂದರೆ ತುಕ್ಕಲ್ಲವಾ, ಅಪ್ಪನ ಪಂಪ್‌ಶೆಡ್ಡಿನಲ್ಲಿ ಬೇಕಾದಷ್ಟುಂಟು, ಹೆರೆದು ತರುವ ಅಂದೆ. ಅವಳಿಗೆ ನಗು ಬರಲಿಲ್ಲ. ನಿನ್ನ ಸೊಸೆಯಲ್ಲವಾ, ಮಾವನ ತಮಾಷೆ ಕೇಳಿ ಕೇಳಿ ಸಾಕಾಗಿರಬೇಕು.

ತಮಾಷೆ ಬದಿಗಿಡು. ಬಾಯಿಮಾತಿನ ಪಾಲಾದ ಕೂಡಲೇ, ಕಳೆದ ಮಳೆಗೇ, ಬೋಳಾಗಿದ್ದ ಮೇಲಿನ ಗದ್ದೆಗೆ ನಾನು ಅಡಿಕೆ ಸಸಿ ನೆಟ್ಟಿದ್ದೇನೆ. ಅವಕ್ಕೆ ಇದು ಮೊದಲ ಬೇಸಿಗೆ. ಬಿಸಿಲು ತಾಗದ ಹಾಗೆ ಒಂದೊಂದಕ್ಕೂ ಸೋಗೆ ಕಟ್ಟಿದ್ದೇನೆ. ಕರಾರಿನಲ್ಲಿ ಇನ್ನೊಂದು ಸಾಲೂ ಉಂಟಲ್ಲ, ಅದನ್ನು ನೀನು ಬರೆಯಲಿಲ್ಲ: ಬರುವ ಡಿಸೆಂಬರಿಗೆ ಮೇಲಿನ ಗದ್ದೆ ತೋಟವಾಗಿ ಕಾಣದಿದ್ದರೆ ಅದು ನಿನಗೆ ಸೇರಬೇಕು. “ಹೆಣ್ಣುಮಕ್ಕಳಿಗೆ ಜಾಗ ಕೊಟ್ಟರೆ ನೋಡಿಕೊಳ್ಳುದು ಯಾರು, ಹಾಳು ಬಿಟ್ಟು ಮಾರಿ ಹೋಗ್ತಾರೆ” ಎಂದು ದೊಡ್ಡಪ್ಪ ಹೇಳಿ ಬರೆಸಿದ್ದು. ಆಗ ನೀನು ತಲೆ ತಗ್ಗಿಸಿ ಉಗುರು ನೋಡುತ್ತಿದ್ದಿ.

ನಿನ್ನ ಮರಗಳ ಬೇರು ಆಳ ಉಂಟು. ಒಂದು ತಿಂಗಳು ನೀರು ತಪ್ಪಿದರೂ ಸೊರಗಿಯಾವು, ಸಾಯುವುದಿಲ್ಲ. ನನ್ನವು ಹಾಗಲ್ಲ. ಈಗ ವಾರಕ್ಕೆರಡು ಸಲ ಸುಳ್ಯಕ್ಕೆ ಹೋಗಿ, ಅಲ್ಲಿಂದ ಕಡಬ, ಕಡಬದಿಂದ ಆಲಂಕಾರು ಎಂದು ಬಸ್ಸು ಬದಲಿಸಿ ಹೋಗಿ ಕೊಡಪಾನದಲ್ಲಿ ಹೊತ್ತು ಹೊಯ್ಯುತ್ತೇನೆ. ನಿನ್ನ ಭಾವನಿಗೆ ಸೊಂಟ, ಬಗ್ಗಲಿಕ್ಕಾಗುವುದಿಲ್ಲ. ನಿನ್ನ ಪತ್ರ ಬರುವಷ್ಟರಲ್ಲಿ ನನ್ನ ಎಷ್ಟು ಪಾಳಿ ಹೋಗುತ್ತದೆಂದು ನೀನೇ ನೋಡು. ಮುಂದಿನ ಸಲ ಶ್ಲೇಷೆ ಕಡಿಮೆ ಮಾಡಿ ಸಾಲು ಜಾಸ್ತಿ ಬರಿ.

ಇತಿ,
ಪಾರ್ಟಿ ನಂಬರ್ ಎರಡು,
ಗೋದಾವರಿ


ಪುತ್ತೂರು
2 ಫೆಬ್ರವರಿ 2025

ಗೋದಕ್ಕನಿಗೆ,

ಒಂದು ಲೈಬ್ರರಿ ಹಾಕುವುದೆಂದರೆ ಉಪನಯನಕ್ಕೆ ಒಬ್ಬ ಭಾವನನ್ನು ಕರೆದ ಹಾಗೆ. ಭಾವ ಬರಬೇಕಾದರೆ ಅಕ್ಕ ಬರಬೇಕು, ಅಕ್ಕ ಬರಬೇಕಾದರೆ ಕಾರು ಬೇಕು, ಕಾರಿಗೆ ಡ್ರೈವರ್ ಬೇಕು, ಡ್ರೈವರನಿಗೆ ಮೊದಲ ಪಂಕ್ತಿಯಲ್ಲೇ ಎಲೆ ಬೇಕು. ಈ ನೆಂಟರಿಗೆ ನಮ್ಮ ಕಾಲೇಜಿನಲ್ಲಿ ಡಿಪೆಂಡೆನ್ಸಿ ಎನ್ನುತ್ತೇವೆ. ಒಬ್ಬರು ಬಾರದಿದ್ದರೆ ಯಾರೂ ಉಣ್ಣುವುದಿಲ್ಲ.

ನಿನ್ನಲ್ಲಿ ಆದ ತಪ್ಪು ನೆಂಟರದ್ದಲ್ಲ, ಕರೆಯಲು ಹೋದವನದ್ದು. ಲ್ಯಾಪ್‌ಟಾಪಿನಲ್ಲಿ ಎಲ್ಲರನ್ನೂ ಕರೆತರುವ ಪಿಪ್ ಎಂಬವನು ಬಹಳ ಹಳಬ. ಸಿದ್ಧ ಸಾಮಾನು ಯಾವ ಮನೆಯಲ್ಲಿ ಸಿಗುತ್ತದೆಂದು ಅವನಿಗೆ ತಿಳಿಯದೆ, ಎಲ್ಲವನ್ನೂ ಅಕ್ಕಿ ಬೀಸುವಲ್ಲಿಂದ ಶುರುಮಾಡಲು ಹೊರಟಿದ್ದಾನೆ. ಮೊದಲು ಅವನನ್ನು ಹೊಸಬನಾಗಿಸು, ಆಮೇಲೆ ಅದೇ ಸಾಲು ಹೊಡೆ. ತುಕ್ಕು ಬೇಡವಾಗುತ್ತದೆ. (ನಿನ್ನ ತುಕ್ಕಿನ ತಮಾಷೆಗೆ ನಾನು ನಕ್ಕೆ. ದಾಖಲೆಗಾಗಿ ಬರೆದಿದ್ದೇನೆ.)

ಲೈಬ್ರರಿ ಕೂತ ಮೇಲೆ ಕೀಲಿ ಹುಟ್ಟಿಸಬೇಕು. ಅದು ಹುಟ್ಟುವುದೇ ಜೋಡಿಯಾಗಿ. ಒಂದು ಊರಿಗೆಲ್ಲ ತೋರಿಸಬಹುದಾದ್ದು, ಇನ್ನೊಂದು ಯಾರಿಗೂ ಕೊಡಬಾರದ್ದು. ತೋರಿಸುವಂಥದ್ದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಶೆಡ್ಡಿನ ಮೆಷಿನಿನಲ್ಲಿ ನನ್ನದರ ಪಕ್ಕ ಇಡು. ಇನ್ನೊಂದು ನಿನ್ನಲ್ಲೇ ಇರಲಿ. ನನಗೂ ಕೊಡಬೇಡ, ಅದರಲ್ಲೂ ನನಗೆ ಕೊಡಬೇಡ.

ಸಸಿಯ ವಿಷಯ ಓದಿದೆ. ದೊಡ್ಡಪ್ಪ ಹೇಳುವಾಗ ನಾನು ಉಗುರು ನೋಡಿದ್ದು ಹೌದು. ಉದ್ದವಾಗಿತ್ತು.

ಇತಿ,
ಪಾ. ನಂ. ಒಂದು,
ಗಿರಿಧರ


ಅಜ್ಜಾವರ
8 ಫೆಬ್ರವರಿ 2025

ಗಿರಿಗೆ,

ಆಯಿತು.

ಹಳಬನನ್ನು ಹೊಸಬ ಮಾಡಿದೆವು, ನೆಂಟರೆಲ್ಲ ಸಾಲಾಗಿ ಬಂದು ಕೂತರು. ಕೀಲಿ ಹುಟ್ಟಿತು. ಪೆನ್‌ಡ್ರೈವನ್ನು ಕರ್ಚೀಫಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆಲಂಕಾರಿಗೆ ಹೋಗಿ, ತನ್ಮಯೀ ಬರೆದುಕೊಟ್ಟ ಹಾಗೆ ನಿನ್ನದರ ಪಕ್ಕದಲ್ಲೇ ಇಟ್ಟು ಬಂದೆ. ಮನೆಗೆ ಬಂದು ಮಾತಾಡಿಸಿದಾಗ ಅದೊಂದು ಪ್ರಶ್ನೆ ಕೇಳಿತು. ಆ ಕಡೆ ಇರುವವರು ನೀವು ತಿಳಿದುಕೊಂಡವರೇ ಹೌದೋ ಎಂದು ಖಾತ್ರಿಯಿಲ್ಲ, ಮುಂದುವರಿಯಬಹುದೇ ಎಂದು. ಪಾಲುಪಟ್ಟಿಗೆ ಸಹಿ ಹಾಕುವಾಗ ನನ್ನಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಹೌದು ಎಂದು ಒತ್ತಿದೆ.

ಸ್ವಲ್ಪ ಹೊತ್ತಿಗೆ ತ್ಯಾಂಪಣ್ಣನ ಫೋನು. “ಅಕ್ಕ, ಬಂತು ನೀರು. ಕೇಳಿ” ಎಂದು ಫೋನನ್ನು ಪೈಪಿನ ಬಾಯಿಗೆ ಹಿಡಿದರು. ನಾನು ಅಜ್ಜಾವರದ ಜಗಲಿಯಲ್ಲಿ ನಿಂತು ನಮ್ಮ ಕೆರೆಯ ನೀರು ಕೇಳಿದೆ. ನಿನ್ನ ಭಾವ ಒಳಗಿನಿಂದ “ಯಾರದ್ದು ಫೋನು?” ಎಂದರು. ಫೋನನ್ನು ಅವರ ಕಿವಿಗೂ ಹಿಡಿದೆ.

ನೀನು ಹೇಳಿಕೊಟ್ಟದ್ದು ಸರಿಯಾಗಿತ್ತು. ಅದನ್ನೂ ದಾಖಲೆಗಾಗಿ ಬರೆದಿದ್ದೇನೆ.

ಕೆಡ್ಡಸ ಹತ್ತಿರ ಬಂತು. ಭೂಮಿ ಮುಟ್ಟಾಗುವ ದಿನಗಳಲ್ಲಿ ಅಪ್ಪ ನೆಲಕ್ಕೆ ಹಾರೆ ತಾಗಿಸುತ್ತಿರಲಿಲ್ಲ, ಪಂಪೂ ಬಿಡುತ್ತಿರಲಿಲ್ಲ. ನಾವೂ ಬಿಡುವುದು ಬೇಡ. ಹುರಿದಕ್ಕಿಯ ಪುಡಿಗೆ ಬೆಲ್ಲ ಕಾಯಿ ಹಾಕಿ ಮಾಡಿದಾಗ ನಿನಗೆ ಸ್ವಲ್ಪ ತೆಗೆದಿಡುತ್ತೇನೆ. ಪೋಸ್ಟಿನಲ್ಲಿ ಕಳುಹಿಸಬಹುದೇ ಎಂದು ನಿನ್ನ ವಕೀಲರಲ್ಲಿ ಕೇಳು.

ಇತಿ,
ಪಾರ್ಟಿ ನಂಬರ್ ಎರಡು,
ನಿನ್ನ ಅಕ್ಕ


ಅಜ್ಜಾವರ
17 ಫೆಬ್ರವರಿ 2025

ಗಿರಿಧರನಿಗೆ,

ಕೆಡ್ಡಸ ಕಳೆದ ಮರುದಿನದಿಂದ ಶೆಡ್ಡಿನ ಮೆಷಿನು ನನಗೆ ಬಾಗಿಲು ತೆಗೆಯುತ್ತಿಲ್ಲ. ತ್ಯಾಂಪಣ್ಣನಿಗೆ ಫೋನು ಮಾಡಿ ಕರೆಂಟು ಉಂಟಾ ಕೇಳಿದೆ. ಉಂಟು, ಲೈಟು ಉರೀತಾ ಉಂಟು ಎಂದರು. ಇಲ್ಲಿ ನಾವು ಏನನ್ನೂ ಬದಲಿಸಿಲ್ಲ. ಆ ಮೆಷಿನಿನ ಒಳಗೆ ಹೊಗಲು ತಿಳಿದವನು ಇನ್ನೊಬ್ಬನೇ ಇರುವುದು.

ನನ್ನ ಕೀಲಿ ತೆಗೆದೆಯಾ? ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರಿ. ಮೂರನೆಯ ಶಬ್ದ ಬೇಡ.

ಗೋದಾವರಿ


ಪುತ್ತೂರು
24 ಫೆಬ್ರವರಿ 2025

ಗೋದಕ್ಕನಿಗೆ,

ಇಲ್ಲ.

ಮೂರನೆಯ ಶಬ್ದಕ್ಕೆ ಕ್ಷಮೆಯಿರಲಿ. ನಿನ್ನ ಕೀಲಿ ಇಟ್ಟಲ್ಲೇ ಉಂಟು. ನನಗೂ ಬಾಗಿಲು ತೆಗೆಯುತ್ತಿಲ್ಲ, ನನ್ನ ಪಾಳಿಯೂ ಬರಿದೇ ಹೋಗುತ್ತಿದೆ. ನಮ್ಮಿಬ್ಬರನ್ನು ಸಮಾನವಾಗಿ ನೋಡಿದ್ದು ಅಪ್ಪನ ಆಸ್ತಿಯಲ್ಲಿ ಈ ಮೆಷಿನು ಒಂದೇ.

ಅದರ ಕಾಲ ಸರಿಯಿಲ್ಲವೆಂದು ಕಾಣುತ್ತದೆ. ಶಾಂತಿ ಮಾಡಿಸಿದರೆ ಹೇಗೆ? ಅದು ಬೇಡವಾದರೆ, ನೀನೊಮ್ಮೆ ಆಲಂಕಾರಿಗೆ ಹೋಗಿ ಶೆಡ್ಡಿನ ಮೆಷಿನಿನಲ್ಲೂ ಪ್ಯಾರಾಮಿಕೊವನ್ನು ಅದರ ನೆಂಟರ ಸಮೇತ ತೆಗೆದು, ಮೊದಲಿನಿಂದ ಹಾಕಿ ನೋಡು. ಹಾಳೆ ಜೊತೆಗಿಟ್ಟಿದ್ದೇನೆ. ನನಗೆ ಪರೀಕ್ಷೆಯ ಕೆಲಸ, ಹೊರಡುವ ಹಾಗಿಲ್ಲ. ಹೊರಟರೂ ನಿನ್ನ ಏರ್ಪಾಡನ್ನು ಮುಟ್ಟುವ ಹಾಗಿಲ್ಲ.

ಅವಸರ ಮಾಡಬೇಡ. ಸಸಿಗಳಿಗೂ ಸ್ವಲ್ಪ ಸಹನೆ ಕಲಿಸು. ನಮ್ಮ ತೋಟದ್ದಾದರೆ ಸ್ವಲ್ಪ ಹಟವೂ ಇರುತ್ತದೆ.

ಇತಿ,
ಪಾ. ನಂ. ಒಂದು,
ಗಿರಿಧರ


ಅಜ್ಜಾವರ
6 ಮಾರ್ಚ್ 2025

ಗಿರಿಗೆ,

ನಿನ್ನ ಭಾವನ ಸೊಂಟನೋವು ಜೋರಾಗಿ ಮೂರು ವಾರ ಕೊಡಪಾನ ಹೊರಲು ಹೋಗಲಿಕ್ಕಾಗಿರಲಿಲ್ಲ. ಈಗ ಹಾಳೆ ಹಿಡಿದುಕೊಂಡು ಹೋಗಿದ್ದೆ. ಶೆಡ್ಡಿನಲ್ಲಿ ಗೋಣಿ ಹಾಸಿ ಕೂತು ನೀನು ಬರೆದ ಹಾಗೆ ಲೈಬ್ರರಿಯನ್ನು ತೆಗೆದೆ. ತೆಗೆಯುವುದು ಸುಲಭವಾಯಿತು. ಹಾಕಲು ಹೋದರೆ ಒಂದೂ ಬರಲೊಲ್ಲದು. ಒಂದೊಂದಕ್ಕೂ ಅದೇ ಮಾತು: ಆ ಕಡೆಯವರು ತೋರಿಸುವ ಪ್ರಮಾಣಪತ್ರ ಇನ್ನೂ ಚಾಲ್ತಿಗೆ ಬಂದಿಲ್ಲ. ಮುಗಿದುಹೋಗಿದೆ ಎಂದಲ್ಲ, ಇನ್ನೂ ಬಂದಿಲ್ಲ. ಫೋನಿನಲ್ಲಿ ತನ್ಮಯೀಗೆ ಓದಿ ಹೇಳಿದೆ. “ಅಮ್ಮ, ಮೂಲೆಯಲ್ಲಿ ತಾರೀಕು ಎಷ್ಟುಂಟು ನೋಡು” ಅಂದಳು.

1 ಜನವರಿ 2019.

ಒಳಗೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದಂತೆ, ಕರೆಂಟಿಲ್ಲದಾಗ ತಾರೀಕು ನೆನಪಿಡುವುದು ಅದರ ಕೆಲಸ. ಅದು ಸತ್ತಿದೆ. ಕರೆಂಟು ಹೋಗಿ ಬಂದಾಗ ಮೆಷಿನು ಎದ್ದು ಕೂತದ್ದು 2019ರಲ್ಲಿ. ಹೊರಗಿನಿಂದ ಯಾರೇ ಬಂದು ಗುರುತು ತೋರಿಸಿದರೂ ಅದಕ್ಕೆ ಅವರೆಲ್ಲ ಇನ್ನೂ ಹುಟ್ಟದವರು. ನಾವು ದೂರದಿಂದ ಅದರ ಹತ್ತಿರ ಹೋಗುವ ದಾರಿಯೂ ಅಂಥದ್ದೇ ಪ್ರಮಾಣಪತ್ರ ನೋಡಿ ತೆರೆಯುವುದಂತೆ, ಹಾಗಾಗಿ ನಿನಗೂ ನನಗೂ ಬಾಗಿಲಿಲ್ಲ. ಹೊರಗೆ ಕೇಳಿ ತಾರೀಕು ಸರಿಮಾಡಿಕೊಳ್ಳುವ ಬುದ್ಧಿಯನ್ನು ನೀನು ಅದಕ್ಕೆ ಹಾಕಿರಲಿಲ್ಲವಂತೆ.

ಕರೆಂಟು ತೆಗೆದದ್ದು ಯಾರೆಂದು ತ್ಯಾಂಪಣ್ಣನಲ್ಲಿ ಕೇಳಿದೆ.

“ನಾನೇ ಅಕ್ಕ. ಕೆಡ್ಡಸಕ್ಕೆ ಮೈನ್ ತೆಗೆದೆ. ನಿಮ್ಮಪ್ಪ ಭಟ್ರು ಇರುವಾಗ ಕೆಡ್ಡಸಕ್ಕೆ ಪಂಪು ಮುಟ್ಟುದಿಲ್ಲ ಅಲ್ವಾ? ಈಗ ನೀವು ಒಂದು ಕಡೆ, ಗಿರಿಯಣ್ಣ ಒಂದು ಕಡೆ ಕೂತು ಒತ್ತುದು. ಮರೆತು ಒತ್ತಿಬಿಟ್ರೆ? ಭೂಮಿಗೆ ಗೊತ್ತಾಗ್ತದಾ, ಒತ್ತಿದ್ದು ಅಜ್ಜಾವರದಿಂದಲಾ ಪುತ್ತೂರಿಂದಲಾ ಅಂತ? ಕೆಡ್ಡಸ ಮುಗಿದ ಮೇಲೆ ಮತ್ತೆ ಹಾಕಿದ್ದೇನೆ.”

“ಫೋನು ಮಾಡಿದಾಗ ನನಗೆ ಹೇಳಬಾರದಿತ್ತಾ?”

“ನೀವು ಕರೆಂಟು ಉಂಟಾ ಕೇಳಿದ್ದು. ಉಂಟು ಹೇಳಿದೆ. ಗಿರಿಯಣ್ಣನಿಗೆ ಹೇಳಿದ್ದೇನಲ್ಲ, ಬಂದಾಗ.”

“ಗಿರಿ ಬಂದಿದ್ದನಾ?”

“ಕೆಡ್ಡಸ ಕಳೆದ ಆದಿತ್ಯವಾರ. ಇದೇ ಮೆಷಿನಿನ ಎದುರು ಕೂತದ್ದೇ ಕೂತದ್ದು. ಚಾ ತಂದುಕೊಟ್ಟೆ, ಕುಡೀಲಿಲ್ಲ, ಆರಿಹೋಯ್ತು. ಹಾಳಾಗಿದಾ ಅಣ್ಣ ಕೇಳಿದೆ. ‘ಇಲ್ಲ ತ್ಯಾಂಪಣ್ಣ, ಸರಿ ಉಂಟು, ಹೀಗೇ ಇರಲಿ’ ಹೇಳಿ ಬಸ್ಸಿಗೆ ಹೋದರು.”

ನೀನು ಬಂದಿದ್ದಿ. ಮೂಲೆಯ ತಾರೀಕು ನೋಡಿದ್ದಿ. ಈ ವಿದ್ಯೆಯನ್ನೇ ಮಕ್ಕಳಿಗೆ ಹೇಳಿಕೊಡುವವನು ನೀನು. ನಿನಗೆ ಕಾರಣ ತಿಳಿಯಲು ತನ್ಮಯೀ ಬೇಕಾಗಿರಲಿಲ್ಲ. ಆಮೇಲೆ ಪುತ್ತೂರಿಗೆ ಹೋಗಿ ‘ಕಾಲ ಸರಿಯಿಲ್ಲ, ಶಾಂತಿ ಮಾಡಿಸುವ’ ಎಂದು ನನಗೆ ಬರೆದೆ. ಬೇಡದ ಕೆಲಸದ ಹಾಳೆಯನ್ನೂ ಜೊತೆಗಿಟ್ಟೆ.

ನೀನು ಯಾಕೆ ಅದನ್ನು ಸರಿಮಾಡಲಿಲ್ಲ ಎಂದು ನನಗೆ ಗೊತ್ತು. ಗದ್ದೆಯ ಆಸೆಗೆ ಎಂದು ಬೇರೆಯವರು ಹೇಳಿಯಾರು, ನಾನು ಹೇಳುವುದಿಲ್ಲ. ಆ ತಾರೀಕಿನಲ್ಲಿ ಅಪ್ಪ ಇದ್ದರು. ಕೆರೆಯ ದಡದಲ್ಲಿ ನಿಂತು, “ಬಟನ್ ಕಿತ್ತದ್ದು ಎಂತಕ್ಕೆ ಮಾರಾಯ, ಅದು ನಿನಗೆ ಎಂತ ಮಾಡಿತ್ತು?” ಎಂದು ನಿನಗೆ ಬೈಯುತ್ತಿದ್ದರು. ಪಾಲೆಂಬ ಶಬ್ದ ಹಾಲು ಹಂಚುವಾಗ ಮಾತ್ರ ಕೇಳುತ್ತಿತ್ತು. ನಾನು ಬರುವ ದಿನ ನೀನು ಕಡಬದ ಬಸ್‌ಸ್ಟ್ಯಾಂಡಿಗೆ ಬೈಕು ತರುತ್ತಿದ್ದಿ.

ನನಗೂ ಕೈ ಬರಲಿಲ್ಲ ಗಿರಿ. ನಾನೂ ಅದರ ಎದುರು ಕೂತೆ. ನನಗೂ ತ್ಯಾಂಪಣ್ಣ ಚಾ ತಂದರು. ಆದರೆ ಆ ಕಿಟಕಿಯಿಂದ ಮೇಲಿನ ಗದ್ದೆ ಕಾಣುತ್ತದೆ. ನೀನು ಕೂತಾಗಲೂ ಕಾಣುತ್ತಿತ್ತು.

ತಾರೀಕು ಬದಲಿಸಿದೆ. ಪ್ಯಾರಾಮಿಕೊ ಬಂತು, ನೆಂಟರೆಲ್ಲ ಬಂದರು, ಪಂಪು ಹೊರಟಿತು. ನೀರು ಮೇಲೆ ಹತ್ತಿ ಬುಡಬುಡಕ್ಕೆ ಬಂದು ಒಣಗಿದ ಕಡ್ಡಿಗಳ ಸುತ್ತ ನಿಂತಿತು. ಬಾಳೆಯ ನೆರಳಿನಲ್ಲಿದ್ದ ಒಂದು ಸಾಲಿನಲ್ಲಿ ಮಾತ್ರ ಸುಳಿ ಹಸಿರುಂಟು. ಉಳಿದವನ್ನು ಎಳೆದರೆ ಕೈಗೆ ಬರುತ್ತವೆ.

ನಿನಗೆ ದುಃಖ ಇತ್ತೆಂದು ನಂಬುತ್ತೇನೆ. ಆದರೆ ಆ ದುಃಖಕ್ಕೆ ನೀನು ಹೊಯ್ದದ್ದು ನನ್ನ ಪಾಳಿಯ ನೀರು.

ಗೋದಾವರಿ


ಪುತ್ತೂರು
12 ಮಾರ್ಚ್ 2025

ಅಕ್ಕ,

ನಿನ್ನ ಪತ್ರ ಬಂತು. ತ್ಯಾಂಪಣ್ಣ ಹೇಳಿದ್ದು ಹೌದು. ನೀನು ಬರೆದದ್ದೂ ಹೌದು.

ಮಳೆ ಬರುವ ತನಕ ನನ್ನ ಪಾಳಿಯ ನೀರನ್ನೂ ನೀನೇ ಬಿಟ್ಟುಕೋ. ಡಿಸೆಂಬರಿನ ಆ ಸಾಲನ್ನು ನಾನು ಎತ್ತುವುದಿಲ್ಲ. ದೊಡ್ಡಪ್ಪ ಎತ್ತಿದರೆ ಈ ಸಲ ಉಗುರು ನೋಡುವುದಿಲ್ಲ.

ಈ ಜಾಗದಲ್ಲಿ ಒಂದು ಮಾತು ಬರೆದು ಹೊಡೆದುಹಾಕಿದ್ದೇನೆ. ತಮಾಷೆಯದ್ದೇ.

ಆದಿತ್ಯವಾರ ಆಲಂಕಾರಿಗೆ ಹೋಗುತ್ತೇನೆ. ಬೆಳಗ್ಗಿನ ಬಸ್ಸಿಗೆ ನೀನೂ ಬಂದರೆ ಕಡಬಕ್ಕೆ ಬೈಕು ತರುತ್ತೇನೆ. ಫೋನು ಮಾಡು. ವಕೀಲರಿಗೆ ಹೇಳುವುದು ಬೇಡ.

ಗಿರಿ


ಅಜ್ಜಾವರ
22 ಮಾರ್ಚ್ 2025

ಗಿರಿಧರನಿಗೆ,

ಆದಿತ್ಯವಾರ ನೀನು ಕಡಬದಲ್ಲಿ ಬೈಕು ನಿಲ್ಲಿಸಿ ಮಧ್ಯಾಹ್ನದ ತನಕ ಕಾದದ್ದು ತ್ಯಾಂಪಣ್ಣ ಹೇಳಿ ಗೊತ್ತಾಯಿತು. ನಾನು ಶನಿವಾರವೇ ಹೋಗಿ ಬಂದಿದ್ದೆ.

ಕಡಬದಿಂದ ಇಲೆಕ್ಟ್ರಿಷಿಯನ್ ಹಕೀಮನನ್ನು ಕರೆದುಕೊಂಡು ಹೋಗಿ ಸ್ಟಾರ್ಟರಿಗೆ ಪಚ್ಚೆ ಬಟನ್ ಹಾಕಿಸಿದ್ದೇನೆ. ನಿನ್ನ ಮೆಷಿನಿನ ವಯರು ಹಾಗೇ ಉಂಟು. ಬಟನ್ ಅದರ ಪಕ್ಕದಲ್ಲಿ ಬೇರೆಯೇ. “ಇದನ್ನು ತೆಗೆದದ್ದು ಯಾಕೆ ಅಕ್ಕ, ಸರಿಯಾಗಿತ್ತಲ್ಲ?” ಎಂದು ಹಕೀಮ ಕೇಳಿದ. ಓದಿದವರು ಮಾರಾಯ, ಅಂದೆ. ಇನ್ನು ನನ್ನ ಪಾಳಿಯ ದಿನ ಕರೆಂಟು ಬಂದಾಗ ತ್ಯಾಂಪಣ್ಣ ಒತ್ತುತ್ತಾರೆ, ಅವರಿಗೆ ಆಗದಿದ್ದರೆ ಅವರ ಮನೆಯಲ್ಲಿ ಯಾರಾದರೂ ಒತ್ತುತ್ತಾರೆ. ಒತ್ತಲು ಯಾರಿಗೂ ಕೀಲಿ ಬೇಡ.

ನನ್ನ ಕೀಲಿಯನ್ನು ಶೆಡ್ಡಿನ ಮೆಷಿನಿನಿಂದ ತೆಗೆದಿದ್ದೇನೆ. ಮಗಳ ಲ್ಯಾಪ್‌ಟಾಪಿನಿಂದ ಪ್ಯಾರಾಮಿಕೊವನ್ನೂ ತೆಗೆದೆವು. ನಿನ್ನ ಹಾಳೆಯಿಲ್ಲದೆ ತೆಗೆದಾಗ ಒಂದು ವಿಷಯ ತಿಳಿಯಿತು. ಅದನ್ನು ತೆಗೆದರೂ ಅದರ ಜೊತೆ ಬಂದ ನೆಂಟರು ಹೋಗುವುದಿಲ್ಲ, ಅಲ್ಲೇ ಕೂತಿರುತ್ತಾರೆ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕಳುಹಿಸಬೇಕಾಯಿತು.

ಸತ್ತ ಸಸಿಗಳನ್ನು ಕಿತ್ತು ರಾಶಿ ಹಾಕಿದೆ. ಸೋಗೆ ಬಿಚ್ಚಿ ಇಟ್ಟಿದ್ದೇನೆ. ಮಳೆಗೆ ಮತ್ತೆ ನೆಡುತ್ತೇನೆ, ಆಗ ಬೇಕಾಗುತ್ತದೆ. ನಿನ್ನ ಪಾಳಿಯ ನೀರು ನನಗೆ ಬೇಡ. ಡಿಸೆಂಬರಿನ ಸಾಲನ್ನು ನೀನು ಎತ್ತದಿರುವುದೂ ಬೇಡ. ಎತ್ತು. ದೊಡ್ಡಪ್ಪನನ್ನೂ ಕರೆದುಕೊಂಡು ಬಾ. ಮೇಲಿನ ಗದ್ದೆ ತೋಟವಾಗಿದೆಯೋ ಇಲ್ಲವೋ ನಿಂತು ನೋಡಿ ಹೋಗಿ.

ಮೆಷಿನಿಗೆ ಹೊಸ ಬಿಲ್ಲೆ ಬ್ಯಾಟರಿ ಹಾಕಿಸಿದ್ದೇನೆ. ಅದು ಇಬ್ಬರಿಗೂ ಸೇರಿದ್ದು, ಹಾಗಾಗಿ ತಿಳಿಸಬೇಕು. ಇನ್ನು ಕೆಡ್ಡಸಕ್ಕೆ ಮೈನ್ ತೆಗೆದು ಹಾಕಿದರೂ ಅದು ಎದ್ದು ಕೂರುವುದು ಅವತ್ತಿನ ದಿನದಲ್ಲೇ.

ನಿನ್ನ ಕೀಲಿಯನ್ನು ಮುಟ್ಟಿಲ್ಲ. ಕರಾರು ಹಾಗುಂಟು. ಯಾವತ್ತಾದರೂ ಪುತ್ತೂರಿನಿಂದ ನೀನು ಬಿಟ್ಟ ಪಂಪು ಹೊರಡದೆ, ಕೆಳಗಿನ ತೋಟಕ್ಕೆ ನೀರು ತುರ್ತಾಗಿ ಬೇಕಾದರೆ ಪತ್ರ ಬರಿ. ರಿಜಿಸ್ಟರ್ಡ್ ಪೋಸ್ಟಿನಲ್ಲೇ ಉತ್ತರ ಕೊಡುತ್ತೇನೆ.

ಗೋದಾವರಿ